ವರ್ಷಕ್ಕೆ ಒಂದೇ ಚಾಟನಿ

ಪ್ರೀತಿಯ ತಮ್ಮ,

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾದಲ್ಲಿ ಮನೆಯ ದ್ರಾಕ್ಷಿ ಪಡ, ಅಂದರೆ ದ್ರಾಕ್ಷಿ ತೋಟವಿದೆ, ತೋಟಗಾರಿಕೆ ಪದವಿ ಮುಗಿದಿದೆ, ವೈನ್ ತಯಾರಿಕೆ ಓದಲು ಇಂಗ್ಲೆಂಡಿಗೆ ಬರಲೇ, ಆ ಚಳಿಯಲ್ಲಿ ನಿಜಕ್ಕೂ ದ್ರಾಕ್ಷಿ ಬೆಳೆಯುತ್ತದೆಯೇ ಎಂದು ಕೇಳಿದ್ದೀಯ. ಬೆಳೆಯುತ್ತದೆ. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್‌ನ ತೋಟವೊಂದರಲ್ಲಿ ಅದನ್ನೇ ಬೆಳೆಯುತ್ತಿದ್ದೇನೆ. ಆದರೆ ನಮ್ಮೂರಿನ ಲೆಕ್ಕ ಇಟ್ಟುಕೊಂಡು ಬರಬೇಡ.

ನಮ್ಮಲ್ಲಿ ಬಳ್ಳಿ ಕತ್ತರಿಸುವ ಚಾಟನಿ ವರ್ಷಕ್ಕೆ ಎರಡು: ಏಪ್ರಿಲ್ ಚಾಟನಿ ಹೊಸ ಕಡ್ಡಿ ಬೆಳೆಯಲು, ಅಕ್ಟೋಬರ್ ಚಾಟನಿ ಹಣ್ಣಿಗೆ. ಬಳ್ಳಿಗೆ ನಿದ್ದೆಯೆಂಬುದೇ ಇಲ್ಲ. ಇಲ್ಲಿ ನವೆಂಬರ್ ಹೊತ್ತಿಗೆ ಎಲೆಯೆಲ್ಲ ಉದುರಿ ಬಳ್ಳಿ ಒಣಕಟ್ಟಿಗೆಯಾಗಿ ನಿಲ್ಲುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಇರುವುದು ಒಂದೇ ಚಾಟನಿ. ಮೊದಲ ವರ್ಷ ಕತ್ತರಿ ಹಿಡಿದ ಬೆರಳುಗಳು ನನ್ನವೆಂದೇ ಅನಿಸುತ್ತಿರಲಿಲ್ಲ. ಬಳ್ಳಿಗಳು ಸತ್ತೇ ಹೋಗಿವೆ ಎಂದುಕೊಂಡಿದ್ದೆ. ಮಾರ್ಚ್ ಕೊನೆಗೆ ಒಂದು ಬೆಳಿಗ್ಗೆ ಕತ್ತರಿಸಿದ ತುದಿಯಲ್ಲೆಲ್ಲ ನೀರಿನ ಹನಿ ತೂಗುತ್ತಿತ್ತು, ಬೇರು ಎಚ್ಚರಗೊಂಡಿತ್ತು. ಅಂದು ನನಗಾದ ಸಂತೋಷ ಇಂದಿಗೂ ಹಾಗೇ ಇದೆ.

ನಿಜವಾದ ಭಯ ಅದರ ನಂತರದ್ದು. ಏಪ್ರಿಲ್‌ನಲ್ಲಿ ಮೊಗ್ಗು ಒಡೆಯುತ್ತದೆ, ಮೇ ಮಧ್ಯದವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಚಿಗುರನ್ನು ಕೊಲ್ಲುವಂಥ ಚಳಿ ಬೀಳಬಹುದು. 2017ರ ಏಪ್ರಿಲ್ ಕೊನೆಯ ವಾರ ನಸುಕಿನ ಎರಡು ಗಂಟೆಗೆ ನಮ್ಮನ್ನು ಎಬ್ಬಿಸಿದರು. ಸಾಲುಗಳ ನಡುವೆ ಮೇಣ ತುಂಬಿದ ಡಬ್ಬಿಗಳನ್ನು ಇಟ್ಟು ಒಂದೊಂದಾಗಿ ಹೊತ್ತಿಸುತ್ತ ಹೋದೆವು. ಇಡೀ ಇಳಿಜಾರು ದೀಪೋತ್ಸವದಂತೆ ಬೆಳಗಿತು. ಕೆಳಗಿನ ತಗ್ಗಿಗೆ ಡಬ್ಬಿ ಸಾಲಲಿಲ್ಲ. ಬೆಳಗಾದಾಗ ಅಲ್ಲಿನ ಎಳೆ ಚಿಗುರುಗಳು ಹಸಿರಾಗಿಯೇ ಇದ್ದವು, ಮಧ್ಯಾಹ್ನದ ಹೊತ್ತಿಗೆ ಕಂದಿ ಜೋತುಬಿದ್ದವು. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ ಎಂಬುದನ್ನು ನಾನು ಕಲಿತದ್ದು ಹಾಗೆ.

ಇಷ್ಟಾದರೂ ಇಲ್ಲಿ ಏಕೆ ಬೆಳೆಯುತ್ತಾರೆ? ಹುಳಿಗಾಗಿ. ಒಣದ್ರಾಕ್ಷಿಗೆ ನಾವು ಸಕ್ಕರೆ ಏರುವುದನ್ನು ಕಾಯುತ್ತೇವೆ. ಗುಳ್ಳೆಯೇಳುವ ವೈನಿಗೆ ಹುಳಿಯೇ ಜೀವ, ತಂಪು ಅದನ್ನು ಉಳಿಸಿಕೊಡುತ್ತದೆ. ಮಣ್ಣೂ ಒದಗಿ ಬಂತು: ಫ್ರಾನ್ಸಿನ ಷಾಂಪೇನ್ ಸೀಮೆಯ ಸೀಮೆಸುಣ್ಣದ ಪದರದಂಥದ್ದೇ ಸಸೆಕ್ಸ್, ಕೆಂಟ್‌ಗಳ ಗುಡ್ಡಗಳಲ್ಲೂ ಇದೆ. 1950ರ ದಶಕದ ಆರಂಭದಲ್ಲಿ ಹ್ಯಾಂಪ್‌ಶೈರ್‌ನ ಹ್ಯಾಂಬಲ್ಡನ್‌ನಲ್ಲಿ ನಿವೃತ್ತ ಸೇನಾಧಿಕಾರಿ ಗೈ ಸಾಲಿಸ್‌ಬರಿ-ಜೋನ್ಸ್ ಬಳ್ಳಿ ನೆಟ್ಟಾಗ ಅದನ್ನು ಹವ್ಯಾಸವೆಂದೇ ಹಲವರು ತಿಳಿದಿದ್ದರು. ಆಮೇಲಿನವರು ಬೇಗ ಮಾಗುವ ಜರ್ಮನ್ ತಳಿಗಳನ್ನು ನೆಚ್ಚಿದರು. 1988ರಲ್ಲಿ ಸಸೆಕ್ಸ್‌ನ ನೈಟಿಂಬರ್‌ನಲ್ಲಿ ಅಮೆರಿಕದ ಮಾಸ್ ದಂಪತಿ ಷಾಂಪೇನ್‌ನ ದ್ರಾಕ್ಷಿ ತಳಿಗಳಾದ ಷಾರ್ಡನೇ, ಪಿನೋ ನುವಾರ್‌ಗಳನ್ನು ನೆಡಲು ತೊಡಗಿದಾಗ ದಾರಿ ಬದಲಾಯಿತು. ಹವಾಮಾನ ಬಿಸಿಯಾಗುತ್ತ ಬಂದದ್ದರಿಂದ ಆ ಹಣ್ಣುಗಳೂ ಮಾಗತೊಡಗಿದವು. ಆದರೂ ಮಳೆ ಬಿಡದ 2012ರಲ್ಲಿ ಹಣ್ಣು ತಕ್ಕಷ್ಟು ಚೆನ್ನಾಗಿಲ್ಲವೆಂದು ಅದೇ ನೈಟಿಂಬರ್ ಆ ವರ್ಷ ವೈನನ್ನೇ ಮಾಡಲಿಲ್ಲ. ಒಳ್ಳೆಯ ಬೆಳೆಯ ನಂತರವೂ ಕಾಯಬೇಕು: ಬಾಟಲಿಯೊಳಗೆ ಎರಡನೆಯ ಹುದುಗು, ತಳಕ್ಕಿಳಿದ ಯೀಸ್ಟಿನ ಗಷ್ಟಿನ ಜೊತೆ ವರ್ಷಗಟ್ಟಲೆ ಕತ್ತಲಲ್ಲಿ ವಿಶ್ರಾಂತಿ. ಷಾಂಪೇನ್‌ನ ಟೆಟಾಂಜೆ ಸಂಸ್ಥೆ ಕೆಂಟ್‌ನಲ್ಲಿ ಜಮೀನು ಕೊಂಡದ್ದು 2015ರಲ್ಲಿ, ಅಲ್ಲಿನ ಮೊದಲ ಬಾಟಲಿ ಮಾರುಕಟ್ಟೆಗೆ ಬಂದದ್ದು 2025ರಲ್ಲಿ.

ಈಗ ನಿನ್ನ ವಿಷಯ. ಸಸೆಕ್ಸ್‌ನ ಪ್ಲಂಪ್ಟನ್ ಕಾಲೇಜಿನಲ್ಲಿ ಈ ವಿದ್ಯೆ ಕಲಿಸುತ್ತಾರೆ. ಓದು ಮುಗಿದ ಮೇಲೆ ಉಳಿಯುವುದು ಮಾತ್ರ ಕಷ್ಟ, ತೋಟದ ಕೂಲಿ ಉದ್ಯೋಗ ವೀಸಾ ಕೇಳುವ ಸಂಬಳವನ್ನು ಮುಟ್ಟುವುದಿಲ್ಲ. ಹಣ್ಣು ಕೀಳಲು ಬರುವ ಎಷ್ಟೋ ಮಂದಿ ಆರು ತಿಂಗಳ ವೀಸಾದವರು. ನಿಯಮಗಳು ಪದೇ ಪದೇ ಬದಲಾಗುತ್ತವೆ, ಆದ್ದರಿಂದ ಪಡದ ಮೇಲೆ ಸಾಲ ಎತ್ತುವ ಮೊದಲು ಕಾಲೇಜಿಗೇ ಬರೆದು ಖಚಿತಪಡಿಸಿಕೊ. ಏಜೆಂಟರ ಮಾತು ನಂಬಬೇಡ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಅದು ಮನಸ್ಸಿಗೆ ಚಳಿಗಿಂತ ಭಾರ. ಲಂಡನ್ನಿಗೆ ರೈಲಿದೆ, ಕನ್ನಡದವರಿದ್ದಾರೆ, ಹಬ್ಬಕ್ಕೆ ಹೋಗಿ ಬಾ.

ಹೊರಡುವ ಮುನ್ನ ಈ ಏಪ್ರಿಲ್ ಚಾಟನಿಯನ್ನು ಆಳುಗಳಿಗೆ ಬಿಡದೆ ನೀನೇ ಮಾಡು, ಇಡೀ ಪಡ. ಪಳಗಿದ ಕೈಯನ್ನು ಇಲ್ಲಿ ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.