ಸ್ಕಾರ್ಪಿಯೋ-ಎನ್ ತಗೊಳ್ಳೋದಾ, ಸಫಾರಿನಾ? ಓದುಗರ ಗಾಡಿ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟದ ಮನೆ. ಒಟ್ಟು ಏಳು ಜನ. ಅದರಲ್ಲಿ ಮಕ್ಕಳಿಬ್ಬರು, ಮೊಣಕಾಲು ನೋವಿನ ಅಮ್ಮ ಒಬ್ಬರು. ಡಾಂಬರು ರಸ್ತೆಯಿಂದ ಮನೆಗೆ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಕಡಿದಾದ ಏರು. ತಿಂಗಳಿಗೆರಡು ಸಲ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದಿದೆ. ಸ್ಕಾರ್ಪಿಯೋ-ಎನ್, ಸಫಾರಿ ಎರಡರ ಡೀಸೆಲ್ ಗಾಡಿಗಳನ್ನೂ ನೋಡಿ ಬಂದೆವು. ಯಾವುದು ಒಳ್ಳೆಯದು?

ಉತ್ತರ: ಹುಲಿಕಲ್ ಘಾಟಿಯನ್ನು ಎರಡೂ ಆರಾಮವಾಗಿ ಹತ್ತುತ್ತವೆ. ಸಫಾರಿಯ 2 ಲೀಟರ್ ಡೀಸೆಲ್ ಎಂಜಿನ್‌ಗೆ 170 ಪಿಎಸ್ ಶಕ್ತಿ, 350 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ). ಸ್ಕಾರ್ಪಿಯೋ-ಎನ್‌ನ 2.2 ಲೀಟರ್ ಎಂಜಿನ್‌ಗೆ 175 ಪಿಎಸ್, ಮ್ಯಾನ್ಯುಯಲ್‌ನಲ್ಲಿ 370, ಆಟೋಮ್ಯಾಟಿಕ್‌ನಲ್ಲಿ 400 ಎನ್‌ಎಂ. ಒಂದು ಎಚ್ಚರಿಕೆ: ಸ್ಕಾರ್ಪಿಯೋ-ಎನ್‌ನ ತೀರಾ ಕೆಳಗಿನ ಡೀಸೆಲ್ ಶ್ರೇಣಿಯಲ್ಲಿ ಇದೇ ಎಂಜಿನ್ 132 ಪಿಎಸ್, 300 ಎನ್‌ಎಂಗೆ ಇಳಿದಿರುತ್ತದೆ. ಏಳು ಜನ ಕೂತು ಘಾಟಿ ಹತ್ತುವವರಿಗೆ ಅದು ಬೇಡ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಅರ್ಧ ಕಿಲೋಮೀಟರ್‌ನಲ್ಲಿ. ಸಫಾರಿ ಮುಂದಿನ ಚಕ್ರ ಎಳೆಯುವ ಗಾಡಿ, ಫೋರ್ ವೀಲ್ ಡ್ರೈವ್ ಅದರಲ್ಲಿಲ್ಲ. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ಜಾರುತ್ತದೆ. ಮೂರನೇ ಸಾಲಿನಲ್ಲೂ ಜನ ಕೂತಿದ್ದರೆ ಇನ್ನೂ ಜಾಸ್ತಿ. ಆಗ ಎಳೆಯಬೇಕಾದ ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗಿ ಅವು ಕೆಸರಿನಲ್ಲಿ ಗಿರಗಿರನೆ ತಿರುಗುತ್ತವೆ, ಗಾಡಿ ಮಾತ್ರ ಕದಲುವುದಿಲ್ಲ. ಸಫಾರಿಯಲ್ಲಿ ‘ರಫ್’, ‘ವೆಟ್’ ಎಂಬ ಮೋಡ್‌ಗಳಿವೆಯಲ್ಲ ಎಂದು ಮಾರುವವರು ಹೇಳಬಹುದು. ಅವು ಆಕ್ಸಲರೇಟರ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್‌ನ ವರ್ತನೆ ಬದಲಿಸುತ್ತವೆ ಅಷ್ಟೆ, ಹಿಂದಿನ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಕೊಡುವುದಿಲ್ಲ. ಸ್ಕಾರ್ಪಿಯೋ-ಎನ್ ಹಿಂದಿನ ಚಕ್ರ ತಳ್ಳುವ ಗಾಡಿ. ಭಾರ ಹೇರಿದಷ್ಟೂ ಏರಿನಲ್ಲಿ ಅದಕ್ಕೆ ಹಿಡಿತ ಸಿಗುತ್ತದೆ. ಖಾಲಿ ಗಾಡಿಯಲ್ಲಿ ಲೆಕ್ಕ ಉಲ್ಟಾ, ಒದ್ದೆ ತಿರುವಿನಲ್ಲಿ ಹಿಂಭಾಗ ಸ್ವಲ್ಪ ಬಾಲ ಅಲ್ಲಾಡಿಸುತ್ತದೆ. ಡೀಸೆಲ್‌ನ ಕೆಲವು ಶ್ರೇಣಿಗಳಲ್ಲಿ ಲೋ ಗೇರ್ (ವೇಗ ಕಡಿಮೆ, ಎಳೆತ ಜಾಸ್ತಿ) ಇರುವ ಫೋರ್ ವೀಲ್ ಡ್ರೈವ್ ಕೂಡ ಸಿಗುತ್ತದೆ.

ಹಾಗಾದರೆ ಸ್ಕಾರ್ಪಿಯೋ ಎಂದು ಈಗಲೇ ಬುಕ್ ಮಾಡಬೇಡಿ. ಅಮ್ಮನನ್ನೂ ಮಕ್ಕಳನ್ನೂ ಕೂರಿಸಿ ನೋಡಿ. ಸ್ಕಾರ್ಪಿಯೋ-ಎನ್ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ, ಎತ್ತರ 1,857 ಮಿ.ಮೀ. ನೆಲ ಎತ್ತರದಲ್ಲಿದೆ. ನೆಲದಿಂದ ಬಾಗಿಲ ಹೊಸ್ತಿಲಿಗೆ ಎಷ್ಟು ಇಂಚು ಎಂದು ಟೇಪ್ ಹಿಡಿದು, ನಿಮ್ಮ ಮನೆಯ ಜಗಲಿ ಮೆಟ್ಟಿಲಿಗೆ ಹೋಲಿಸಿ. ಸೈಡ್ ಸ್ಟೆಪ್ ಹಾಕಿಸಿದರೆ ಏರುವುದು ಸುಲಭವಾದೀತು, ಆದರೆ ಒದ್ದೆ ಚಪ್ಪಲಿಯಲ್ಲಿ ಅದೇ ಜಾರುತ್ತದೆ, ರಬ್ಬರ್ ಪಟ್ಟಿ ಇರುವುದನ್ನೇ ಆರಿಸಿ. ಘಾಟಿಯ ತಿರುವುಗಳಲ್ಲಿ ಚಾಸಿ ಗಾಡಿ ಹೆಚ್ಚು ತೂಗುತ್ತದೆ. ಮೂರನೇ ಸಾಲಿನ ಮಕ್ಕಳಿಗೆ ವಾಂತಿ ಬರುವುದು ಈ ತೂಗಾಟಕ್ಕೇ. ಸಫಾರಿ ಇಲ್ಲಿ ಸ್ಪಷ್ಟವಾಗಿ ಮೇಲು, ಮೂರನೇ ಸಾಲಿಗೂ ಎಸಿ ಗಾಳಿ ಬರುತ್ತದೆ. ಗಾಡಿಯನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಎರಡಕ್ಕೂ 5 ನಕ್ಷತ್ರ. ಮಕ್ಕಳ ಸುರಕ್ಷತೆಯಲ್ಲಿ 2023ರಲ್ಲಿ ಸಫಾರಿಗೆ 5 ಬಂದಿದೆ, 2022ರಲ್ಲಿ ಸ್ಕಾರ್ಪಿಯೋ-ಎನ್‌ಗೆ ಬಂದದ್ದು 3.

ಸಾಮಾನಿನ ಜಾಗದ ವಿಷಯದಲ್ಲಿ ಎರಡೂ ಒಂದೇ ತಕ್ಕಡಿ. ಏಳು ಜನ ಕೂತ ಮೇಲೆ ಸಫಾರಿಯ ಡಿಕ್ಕಿಯಲ್ಲಿ ಉಳಿಯುವುದು 73 ಲೀಟರ್, ಅಂದರೆ ಎರಡು ಕೈಚೀಲ. ಸ್ಕಾರ್ಪಿಯೋದಲ್ಲೂ ಅದೇ ಪಾಡು, ಮೇಲಾಗಿ ಅದರ ಮೂರನೇ ಸೀಟು ಮಡಚಿದರೆ ಸಮತಟ್ಟಾಗಿ ಮಲಗುವುದಿಲ್ಲ. ಅಡಿಕೆ ಚೀಲ ಹಾಕುವ ಆಸೆಯಿದ್ದರೆ ಒಂದು ಖಾಲಿ ಚೀಲ ತೆಗೆದುಕೊಂಡು ಹೋಗಿ ಅಲ್ಲೇ ಹಾಸಿ ನೋಡಿ, ಶೋರೂಮಿನವರು ನಕ್ಕರೆ ನಗಲಿ.

ಅಗಲವನ್ನೂ ಅಳೆಯಿರಿ. ಸಫಾರಿ 1,922, ಸ್ಕಾರ್ಪಿಯೋ-ಎನ್ 1,917 ಮಿ.ಮೀ., ಎರಡೂ ಕನ್ನಡಿ ಬಿಟ್ಟು. ಉಣಗೋಲಿನ ಕಂಬಗಳ ನಡುವೆ ಏಳೂವರೆ ಅಡಿಯಾದರೂ ಬೇಕು. ಗೇಟಿನ ಎದುರಿಗೇ ತಿರುವಿದ್ದರೆ ಒಂಬತ್ತು ಅಡಿ.

ಟ್ರಯಲ್‌ಗೆ ಶಿವಮೊಗ್ಗದ ಶೋರೂಮಿನವರು ಬೈಪಾಸ್ ಮೇಲೆ ಮೂರು ಕಿಲೋಮೀಟರ್ ಓಡಿಸಿ ವಾಪಸ್ ಕರೆದುಕೊಂಡು ಬರುತ್ತಾರೆ. ಅದು ಸಾಲದು. ಮಳೆ ಬಿದ್ದ ಮರುದಿನ ಗಾಡಿಯನ್ನು ನಿಮ್ಮ ಮನೆಗೇ ತರಿಸಿ. ಏಳು ಜನ ಕೂತು ಆ ಏರಿನ ಅರ್ಧಕ್ಕೆ ಹೋಗಿ ನಿಲ್ಲಿಸಿ, ಮತ್ತೆ ಹೊರಡಿ. ಕೆಳಗಿನಿಂದ ಓಡಿಸಿಕೊಂಡು ಬಂದು ಹತ್ತಿಸುವುದನ್ನು ಯಾವ ಗಾಡಿಯಾದರೂ ಮಾಡುತ್ತದೆ, ಎದುರಿಗೆ ದನ ಬಂದು ನಿಂತಾಗಲೇ ನಿಜ ಗೊತ್ತಾಗುವುದು. ಮ್ಯಾನ್ಯುಯಲ್ ಗಾಡಿಯಲ್ಲಿ ಅರ್ಧ ಕ್ಲಚ್ ಹಿಡಿದು ಕೆಸರಿನಲ್ಲಿ ಎರಡು ಮೂರು ಸಲ ಒದ್ದಾಡಿದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಳಗೇ ಬರುತ್ತದೆ. ವಾರಕ್ಕೆರಡು ಸಲ ಹೀಗಾದರೆ ಕ್ಲಚ್ ಸೆಟ್ ಬೇಗ ಕೈಕೊಡುತ್ತದೆ. ಎರಡೂ ಗಾಡಿಯ ಆಟೋಮ್ಯಾಟಿಕ್‌ಗಳು ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಮಾದರಿಯವು, ಅವುಗಳಿಗೆ ಈ ಕಾಟವಿಲ್ಲ.

ನಮ್ಮ ಅಭಿಪ್ರಾಯ: ಆ ಏರು ಹೀಗೇ ಮಣ್ಣಾಗಿ ಉಳಿಯುವುದಾದರೆ ಸ್ಕಾರ್ಪಿಯೋ-ಎನ್ ಫೋರ್ ವೀಲ್ ಡ್ರೈವ್. ಏರಿಗೆ ಕಾಂಕ್ರೀಟ್ ಹಾಕಿಸುವ ಮನಸ್ಸಿದ್ದರೆ ಸಫಾರಿ. ಪೂರ್ತಿ ರಸ್ತೆ ಬೇಡ, ಎರಡು ಗಾಲಿಪಟ್ಟಿ ಸಾಕು. ತಲಾ ಎರಡೂವರೆ ಅಡಿ ಅಗಲ, ನಡುವೆ ಎರಡೂ ಮುಕ್ಕಾಲು ಅಡಿ ಬಿಡಿ, ದಪ್ಪ ಐದು ಇಂಚು. 60 ಮೀಟರ್ ಏರಿಗೆ ಸುಮಾರು 11.6 ಘನ ಮೀಟರ್ ಕಾಂಕ್ರೀಟ್. 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ 90 ಚೀಲದ ಆಸುಪಾಸು ಸಿಮೆಂಟ್. ಹಸಿಯಿರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಗೆರೆ ಎಳೆಸಿ, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಪಾಚಿ ಹಿಡಿದು ಮಣ್ಣಿಗಿಂತ ಹೆಚ್ಚು ಜಾರುತ್ತದೆ. ಗುಡ್ಡದ ಬದಿಗೆ ಚರಂಡಿ ಇಲ್ಲದಿದ್ದರೆ ನೀರು ಪಟ್ಟಿಯ ಕೆಳಗೆ ಕೊರೆದು ಸ್ಲ್ಯಾಬ್ ಮುರಿಯುತ್ತದೆ. ಈ ಖರ್ಚನ್ನು ಫೋರ್ ವೀಲ್ ಡ್ರೈವ್‌ಗೆ ಕೊಡುವ ಹೆಚ್ಚುವರಿ ಹಣದ ಪಕ್ಕದಲ್ಲಿಟ್ಟು ನೋಡಿ. ಆ ದಾರಿ ಗೊಬ್ಬರದ ಟ್ರ್ಯಾಕ್ಟರಿಗೂ ಆಯಿತು.

ಪ್ರಶ್ನೆ: ಕ್ರೆಟಾ ಡೀಸೆಲ್ಲೋ, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ಡೋ? ಮನೆ ಶಿವಮೊಗ್ಗದ ವಿನೋಬನಗರ. ನಾಲ್ಕು ಜನ. ದಿನದ ಓಡಾಟ ಊರೊಳಗೇ, ಹೆಚ್ಚೆಂದರೆ ಎಂಟು ಹತ್ತು ಕಿಲೋಮೀಟರ್. ತೀರ್ಥಹಳ್ಳಿಯ ಕಡೆಗೆ ತಿಂಗಳಿಗೊಮ್ಮೆ.

ಉತ್ತರ: ಈ ಓಡಾಟಕ್ಕೆ ಡೀಸೆಲ್ ಬೇಡ. ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ದಿನಾ ಗೋಪಿ ಸರ್ಕಲ್‌ವರೆಗೆ ಹೋಗಿ ಬಂದರೆ ಸುಡುವ ಕೆಲಸ ಶುರುವಾಗುವಷ್ಟರಲ್ಲಿ ನೀವು ಕೀಲಿ ತಿರುಗಿಸಿ ಇಳಿದಿರುತ್ತೀರಿ. ಹೀಗೆ ಅರ್ಧಕ್ಕೆ ನಿಂತಾಗ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದ್ದು ಕಂಡರೆ ಇದೇ ಕಾರಣ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಬಂದ ದಿನವೇ ಹೆದ್ದಾರಿಯಲ್ಲಿ 60ರ ಮೇಲೆ ಒಂದೇ ಸಮ ಭದ್ರಾವತಿಯವರೆಗೆ ಹೋಗಿ ಬನ್ನಿ. ಅಸಡ್ಡೆ ಮಾಡಿದರೆ ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ, ಆಮೇಲೆ ವರ್ಕ್‌ಶಾಪಿನಲ್ಲೇ ಸುಡಿಸಬೇಕು.

ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯ ಮೋಟರೂ ಇರುವ ಹೈಬ್ರಿಡ್‌ಗೆ ಊರೊಳಗಿನ ನಿಂತು ಹೊರಡುವ ಓಡಾಟವೇ ಸರಿ. ಅದರ ಎರಡು ಕೊರತೆ ತಿಳಿದಿರಲಿ. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿ 265 ಲೀಟರ್ ಮಾತ್ರ, ಕ್ರೆಟಾದ್ದು 433. ಮದುವೆ ಮನೆಗೆ ಹೊರಟಾಗ ಇದು ಗೊತ್ತಾಗುತ್ತದೆ. ಇನ್ನೊಂದು, ಆಗುಂಬೆಯ 14 ತಿರುವನ್ನು ಕೆಳಗಿನಿಂದ ಹತ್ತುವಾಗ ಬ್ಯಾಟರಿ ಖಾಲಿಯಾದರೆ ಭಾರವೆಲ್ಲ ಮೂರು ಸಿಲಿಂಡರಿನ 92 ಪಿಎಸ್ ಪೆಟ್ರೋಲ್ ಎಂಜಿನ್ ಮೇಲೆ ಬಿದ್ದು ಸದ್ದು ಜೋರಾಗುತ್ತದೆ. ಗಾಡಿ ಹತ್ತುವುದಂತೂ ಹತ್ತುತ್ತದೆ. ಇಳಿಯುವಾಗ ಗೇರನ್ನು ‘ಬಿ’ಗೆ (ಎಂಜಿನ್ ಬ್ರೇಕ್) ಹಾಕಿ, ಬ್ರೇಕ್ ಬಿಸಿಯಾಗುವುದು ತಪ್ಪುತ್ತದೆ.

ತಿಂಗಳಿಗೆ ಸಾವಿರ ಕಿಲೋಮೀಟರ್‌ಗಿಂತ ಕಡಿಮೆ ಓಡಿಸುವವರು ಮೈಲೇಜಿನ ಆಸೆಗೆ ಹೆಚ್ಚು ದುಡ್ಡು ಸುರಿಯುವ ಮೊದಲು ಲೆಕ್ಕ ಹಾಕಿ. ಲೀಟರಿಗೆ 12 ಕೊಡುವ ಗಾಡಿಗೆ ಸಾವಿರ ಕಿಲೋಮೀಟರ್‌ಗೆ 83 ಲೀಟರ್, 20 ಕೊಡುವ ಗಾಡಿಗೆ 50. ಉಳಿಯುವುದು ತಿಂಗಳಿಗೆ 33 ಲೀಟರ್.

ಪ್ರಶ್ನೆ: ಒಂದು ಶ್ರೇಣಿಯ ಶೋರೂಂ ಬೆಲೆ 19.80 ಲಕ್ಷ, ಮೇಲಿನದು 20.30 ಲಕ್ಷ. ಐವತ್ತು ಸಾವಿರಕ್ಕಾಗಿ ಮೇಲಿನದು ಬಿಡಬೇಕೆ? — ಸಾಗರ

ಉತ್ತರ: ಅದು ಐವತ್ತು ಸಾವಿರವಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇ. 17, ಅದಕ್ಕೆ ಮೇಲ್ಪಟ್ಟರೆ ಶೇ. 18. ಮೊದಲನೆಯದಕ್ಕೆ 3,36,600 ರೂಪಾಯಿ, ಎರಡನೆಯದಕ್ಕೆ 3,65,400. ತೆರಿಗೆಯಲ್ಲೇ 28,800 ಹೆಚ್ಚು, ಸೆಸ್ ಬೇರೆ.

10 ಲಕ್ಷ ಮೀರಿದ ಗಾಡಿಗೆ ಶೇ. 1 ಟಿಸಿಎಸ್ ಹಿಡಿಯುತ್ತಾರೆ. ಅದು ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಜಮೆಯಾಗುವ ಹಣ, ರಿಟರ್ನ್ ಹಾಕುವಾಗ ಮರೆಯಬೇಡಿ. ವಿಮೆ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಎಲ್ಲಿ ಮಾಡಿಸಿದರೂ ನಮ್ಮ ಕಡೆಯವರು ‘ಎಂಜಿನ್ ಪ್ರೊಟೆಕ್ಟ್’ ಸೇರಿಸಿಕೊಳ್ಳುವುದು ಒಳ್ಳೆಯದು. ನೀರು ನಿಂತ ಕಡೆ ಗಾಡಿ ಆಫ್ ಆದಾಗ ಮತ್ತೆ ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಪಾಲಿಸಿ ಕೈ ಎತ್ತುತ್ತದೆ. ಡೆಲಿವರಿಗೆ ಮುಂಚೆ ಟೈರಿನ ಬದಿಯ ನಾಲ್ಕಂಕಿ ಓದಿ: 2325 ಎಂದಿದ್ದರೆ 2025ರ 23ನೇ ವಾರದ್ದು. ಸ್ಟೆಪ್ನಿಯನ್ನೂ ಇಳಿಸಿ ನೋಡಿ.

ಪ್ರಶ್ನೆ: ಮಲೆನಾಡಿನ ಮಳೆಗೆ ಸನ್‌ರೂಫ್ ಸೋರುತ್ತದೆಯೇ? — ಕೊಪ್ಪ

ಉತ್ತರ: ರಬ್ಬರ್ ದಾಟಿ ಒಂದಷ್ಟು ನೀರು ಒಳಗಿನ ಕಾಲುವೆಗೆ ಬರುವುದು ಸಹಜ, ಅದನ್ನು ಹೊರಹಾಕಲು ಮೂಲೆಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ. ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದರೆ ಹೂವು, ತರಗೆಲೆಯ ಪುಡಿ ಸೇರಿ ಆ ಕೊಳವೆ ಕಟ್ಟಿಕೊಂಡು ನೀರು ಕಂಬದ ಪಕ್ಕದಿಂದ ಕಾರ್ಪೆಟ್ಟಿಗೆ ಇಳಿಯುತ್ತದೆ. ಮೇ ತಿಂಗಳ ಕೊನೆಗೆ ಸನ್‌ರೂಫ್ ತೆರೆದು, ಕಾಲುವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪ್ರತಿ ಮೂಲೆಗೂ ಒಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಚಕ್ರದ ಹತ್ತಿರ ತೊಟ್ಟಿಕ್ಕಿದರೆ ಸರಿಯಿದೆ. ತೊಟ್ಟಿಕ್ಕದಿದ್ದರೆ ಪಂಕ್ಚರ್ ಅಂಗಡಿಯ ಜೋರು ಗಾಳಿ ಹೊಡೆಸಬೇಡಿ, ಒಳಗೆ ಕೊಳವೆ ಕಳಚಿಕೊಂಡರೆ ಛಾವಣಿಯ ಬಟ್ಟೆ ಪೂರ್ತಿ ಇಳಿಸಬೇಕಾಗುತ್ತದೆ. ಮೆತ್ತನೆಯ ನೈಲಾನ್ ದಾರ ತೂರಿಸಿ ಬಿಡಿಸಿ.