ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನಲ್ಲಿದ್ದು ನಟನೆಯ ದಾರಿ ಹುಡುಕುವವರಿಗೆ

ನಟನೆಯನ್ನು ವೃತ್ತಿಯಾಗಿ ತೆಗೆದುಕೊಳ್ಳಬೇಕೆಂದಿರುವ ಕೊಡಗಿನ ಯುವಕ ಯುವತಿಯರೂ ಅವರ ಮನೆಯವರೂ ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 23 ವರ್ಷ. ಬಿ.ಕಾಂ. ಮುಗಿಸಿ ಮನೆಯ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಕಾಲೇಜಿನ ನಾಟಕಗಳಲ್ಲಿ ಅಭಿನಯಿಸಿದ್ದೇನೆ. ಚಿತ್ರರಂಗದಲ್ಲಿ ಪರಿಚಿತರು ಯಾರೂ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿದರೆ ಮಾತ್ರ ಅವಕಾಶ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಛಾಯಾಗ್ರಾಹಕರೊಬ್ಬರು ಪೋರ್ಟ್‌ಫೋಲಿಯೊ ಮಾಡಿಕೊಡಲು 60 ಸಾವಿರ ರೂಪಾಯಿ ಕೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ?
ಗೋಣಿಕೊಪ್ಪಲಿನ ಓದುಗ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಅವಕಾಶ ಎಲ್ಲಿದೆ ಎಂಬುದು ಒಂದು. ಅವಕಾಶ ಕೊಡುವವರು ಕೇಳಿದಾಗ ತೋರಿಸಲು ನಿಮ್ಮ ಬಳಿ ಏನಿದೆ ಎಂಬುದು ಇನ್ನೊಂದು. ಎರಡನೆಯದು ಸಿದ್ಧವಾಗುವ ಮೊದಲೇ ಬೆಂಗಳೂರಿನಲ್ಲಿ ಕೋಣೆ ಹಿಡಿದವರಲ್ಲಿ ಹಲವರು, ಬಾಡಿಗೆ ಕಟ್ಟುವುದಕ್ಕೆಂದೇ ಬೇರೆ ಕೆಲಸಕ್ಕೆ ಸೇರಿ, ಆಡಿಷನ್ ಇದ್ದ ದಿನ ರಜೆ ಸಿಗದೆ ಚಡಪಡಿಸುತ್ತಾರೆ. ನಿಮಗೆ ಊರಿನಲ್ಲಿ ಮನೆಯಿದೆ, ತೋಟದ ಆದಾಯವಿದೆ. ಅದನ್ನು ಈಗಲೇ ಬಿಟ್ಟು ಹೊರಡುವ ತುರ್ತು ನಮಗೆ ಕಾಣುವುದಿಲ್ಲ.

ಮೊದಲು ನೋಡಬೇಕಾದ ಊರು ಮೈಸೂರು. ತಿತಿಮತಿ, ಹುಣಸೂರು ದಾಟಿದರೆ ಸಿಗುವ ಆ ಊರಿಗೆ ನೀವು ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ರಂಗಾಯಣ ಅಲ್ಲಿದೆ. ಅದರ ಭಾರತೀಯ ರಂಗ ಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ತರಬೇತಿ ನಡೆಯುತ್ತದೆ. ಮಂಡ್ಯ ರಮೇಶ್ ಅವರು ಕಟ್ಟಿದ ರಂಗಶಾಲೆ ‘ನಟನ’ ಕೂಡ ಅದೇ ಊರಿನಲ್ಲಿದೆ. ಇನ್ನೂ ದೂರ ಹೋಗಲು ಸಿದ್ಧರಿದ್ದರೆ ಸಾಗರದ ಬಳಿ ಹೆಗ್ಗೋಡಿನ ನೀನಾಸಮ್ ಇದೆ. 1949ರಲ್ಲಿ ಹುಟ್ಟಿದ ಆ ಸಂಸ್ಥೆಯ ರಂಗ ಶಿಕ್ಷಣ ಕೇಂದ್ರ 1980ರಿಂದ ನಟರನ್ನು ತಯಾರು ಮಾಡುತ್ತಿದೆ. ಅಲ್ಲಿಯೇ ಉಳಿದು ಕಲಿಯಬೇಕಾದ ವರ್ಷವದು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಫಿ ಕೊಯ್ಲು ಅದರೊಳಗೇ ಬರುವುದರಿಂದ, ತೋಟವನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ವರ್ಷವಿಡೀ ಬಿಡುವು ಮಾಡಿಕೊಳ್ಳಲು ಆಗದಿದ್ದರೆ, ಮಳೆಗಾಲದಲ್ಲಿ ತೋಟದ ಕೆಲಸ ಹಗುರಾದಾಗ ಮೈಸೂರಿನ ಹವ್ಯಾಸಿ ತಂಡವೊಂದರ ತಾಲೀಮಿಗೆ ಸೇರಿಕೊಳ್ಳಿ.

ಸಿನಿಮಾದ ಆಸೆಯಿರುವವರಿಗೆ ನಾಟಕವೇಕೆ ಎಂದು ನೀವು ಕೇಳಬಹುದು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಹೆಗ್ಗೋಡಿನಲ್ಲಿ ಕಲಿತು ಬಂದವರು. 2014ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ತಮ್ಮ ರಂಗತಂಡದ ಹೆಸರನ್ನೇ ಹೊತ್ತುಕೊಂಡಿದ್ದವರು. ಆದರೆ ಪ್ರಸಿದ್ಧರ ಉದಾಹರಣೆಗಿಂತ ಬಲವಾದ ಕಾರಣ ಇನ್ನೊಂದಿದೆ. ತಾಲೀಮಿನಲ್ಲಿ ನಿಮ್ಮ ಜೊತೆಗಿದ್ದವರೇ ಮುಂದೆ ಧಾರಾವಾಹಿಯ ಸಂಭಾಷಣೆ ಬರೆಯುತ್ತಾರೆ, ಸಹ ನಿರ್ದೇಶಕರಾಗುತ್ತಾರೆ, ಕಿರುಚಿತ್ರ ತೆಗೆಯುತ್ತಾರೆ. ನಾಳೆ ಬೆಳಿಗ್ಗೆಗೆ ಒಬ್ಬ ಪೊಲೀಸ್ ಪೇದೆಯ ಪಾತ್ರಧಾರಿ ಬೇಕಾದಾಗ ಅವರಿಗೆ ನೆನಪಾಗುವುದು, ಹೇಳಿದ ಹೊತ್ತಿಗೆ ಬಂದು ಮಾತು ಬಾಯಿಪಾಠ ಮಾಡಿಕೊಂಡಿರುತ್ತಿದ್ದ ಜೊತೆಗಾರ. ಪರಿಚಿತರಿಲ್ಲ ಎಂಬ ನಿಮ್ಮ ಕೊರತೆ ನೀಗುವುದು ಹೆಚ್ಚಾಗಿ ಹೀಗೆಯೇ.

ಪೋರ್ಟ್‌ಫೋಲಿಯೊಗೆ 60 ಸಾವಿರ ಕೊಡಬೇಡಿ. ಪಾತ್ರ ಹಂಚುವವರಿಗೆ ಬೇಕಾದದ್ದು ನಿಮ್ಮ ಮುಖ ಇದ್ದ ಹಾಗೆ ಕಾಣುವ ನಾಲ್ಕೈದು ಚಿತ್ರಗಳು: ಮುಖದ ಹತ್ತಿರದ್ದೊಂದು, ಪಕ್ಕದಿಂದ ಒಂದು, ಸೊಂಟದವರೆಗಿನದು ಮತ್ತು ನಿಂತ ಭಂಗಿಯ ಪೂರ್ಣ ಚಿತ್ರ; ಗಡ್ಡ ಬಿಟ್ಟಾಗ ಚಹರೆ ಬದಲಾಗುವುದಾದರೆ ಅಂಥದ್ದೊಂದು. ಕಪ್ಪು ಕನ್ನಡಕ, ಬಣ್ಣಬಣ್ಣದ ಹೊಗೆ, ಬಾಡಿಗೆ ಬೈಕು ಬೇಕಿಲ್ಲ. ಹಗಲು ಬೆಳಕಿನಲ್ಲಿ ಕ್ಯಾಮೆರಾ ಹಿಡಿಯಬಲ್ಲ ಸ್ನೇಹಿತರಿದ್ದರೆ ಇದು ಅರ್ಧ ದಿನದ ಕೆಲಸ.

ಚಿತ್ರಗಳಿಗಿಂತ ಮುಖ್ಯವಾದದ್ದು ಪರಿಚಯದ ವಿಡಿಯೊ. ಮೊಬೈಲನ್ನು ಅಡ್ಡವಾಗಿ, ಕಣ್ಣಿನ ಮಟ್ಟದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ, ಕಿಟಕಿಗೆ ಎದುರಾಗಿ, ಹಿಂದೆ ಖಾಲಿ ಗೋಡೆ ಬರುವಂತೆ ನಿಲ್ಲಿ. ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು ಇಷ್ಟನ್ನು ನೇರವಾಗಿ ಹೇಳಿ, ಎಡಕ್ಕೂ ಬಲಕ್ಕೂ ತಿರುಗಿ ಮುಖ ತೋರಿಸಿ. ಬಳಿಕ ಒಂದೊಂದು ನಿಮಿಷದ ಎರಡು ಅಭಿನಯ ತುಣುಕುಗಳಿರಲಿ. ಒಂದು ಮೆಲುದನಿಯದು, ಇನ್ನೊಂದು ಬೇರೆಯೇ ಸ್ವಭಾವದ್ದು. ಹೆಸರಾಂತ ನಾಯಕರ ಸಂಭಾಷಣೆಗಳನ್ನು ಅವರದೇ ಧಾಟಿಯಲ್ಲಿ ಒಪ್ಪಿಸಬೇಡಿ. ನೋಡುವವರಿಗೆ ನಿಮಗಿಂತ ಮೊದಲು ಆ ನಾಯಕರೇ ಕಾಣುತ್ತಾರೆ. ಮಳೆ ಹೆಂಚಿನ ಮೇಲೆ ಬೀಳುವಾಗ ಧ್ವನಿ ಕೇಳಿಸದು, ಕರೆಂಟಿನ ಕಥೆ ನಿಮಗೇ ಗೊತ್ತು. ಆದ್ದರಿಂದ ಜೂನ್‌ಗೆ ಮೊದಲೇ ಇದನ್ನು ಮುಗಿಸಿ, ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದೇ ಕೊಂಡಿಯಲ್ಲಿ ಇರಿಸಿ.

ಕಳುಹಿಸುವುದು ಯಾರಿಗೆ? ಹೊಸಬರಿಗೆ ಹೆಚ್ಚು ತೆರೆದಿರುವ ಬಾಗಿಲು ಧಾರಾವಾಹಿಗಳದು, ಏಕೆಂದರೆ ದಿನವೂ ಒಂದು ಸಂಚಿಕೆ ಕೊಡಬೇಕಾದ ಕಥೆಗೆ ನೆರೆಹೊರೆಯವರು, ವಕೀಲರು, ನಾಯಕಿಯ ಸಹೋದ್ಯೋಗಿಗಳು ಬೇಕಾಗುತ್ತಲೇ ಇರುತ್ತಾರೆ. ಧಾರಾವಾಹಿಯ ಕೊನೆಯಲ್ಲಿ ಓಡುವ ಹೆಸರುಗಳನ್ನು ತಾಳ್ಮೆಯಿಂದ ಓದಿ, ನಿರ್ಮಾಣ ಸಂಸ್ಥೆ, ಸಂಚಿಕೆ ನಿರ್ದೇಶಕರು, ಸಹ ನಿರ್ದೇಶಕರು ಯಾರೆಂದು ಗುರುತು ಹಾಕಿಕೊಳ್ಳಿ. ಸಂಸ್ಥೆಯ ಅಧಿಕೃತ ಪುಟದಲ್ಲಿ ಪಾತ್ರಧಾರಿಗಳು ಬೇಕೆಂಬ ಪ್ರಕಟಣೆ ಬಂದಾಗ ಅದರಲ್ಲಿ ಕೇಳಿರುವಷ್ಟನ್ನೇ ಕಳುಹಿಸಿ. ಮುಖ್ಯ ಪಾತ್ರವಾದರೆ ಆಡಿಷನ್, ಲುಕ್ ಟೆಸ್ಟ್ (ಪಾತ್ರದ ವೇಷದಲ್ಲಿ ಹೇಗೆ ಕಾಣುತ್ತೀರೆಂದು ನೋಡುವ ಪರೀಕ್ಷೆ) ಮುಗಿದ ಮೇಲೂ ವಾಹಿನಿಯ ಒಪ್ಪಿಗೆ ಬೇಕು; ಉತ್ತರ ತಡವಾದರೆ ಅದು ತಿರಸ್ಕಾರವೇ ಆಗಬೇಕೆಂದಿಲ್ಲ. ಸಣ್ಣ ಪಾತ್ರಕ್ಕೆ ಸಂಭಾವನೆ ದಿನದ ಲೆಕ್ಕದಲ್ಲಿರುತ್ತದೆ, ಹಣ ಕೈಸೇರುವುದು ಬಹಳ ಸಲ ತಡವಾಗಿ. ಹಾಗಾಗಿ ತೋಟದ ಆದಾಯ ಬೆನ್ನಿಗಿರುವುದು ನಿಮ್ಮ ಪಾಲಿನ ಅನುಕೂಲ. ಜೂನಿಯರ್ ಆರ್ಟಿಸ್ಟ್ ಆಗಿ ಗುಂಪಿನಲ್ಲಿ ನಿಲ್ಲುವ ಕೆಲಸವನ್ನು ಸೆಟ್ಟಿನ ರೀತಿನೀತಿ ತಿಳಿಯಲು ಕೆಲವು ದಿನ ಮಾಡಿ, ಅದರಲ್ಲೇ ಉಳಿಯಬೇಡಿ. ಕೊಡಗಿಗೆ ಹೊರಾಂಗಣ ಚಿತ್ರೀಕರಣಕ್ಕೆ ತಂಡಗಳು ಬರುತ್ತಲೇ ಇರುತ್ತವೆ. ಅಲ್ಲಿ ನಾಯಕರ ಜೊತೆ ಸೆಲ್ಫಿಗೆ ಮುಗಿಬೀಳುವ ಬದಲು, ಬಿಡುವಿನ ಹೊತ್ತಿನಲ್ಲಿ ಪ್ರೊಡಕ್ಷನ್ ಮ್ಯಾನೇಜರನ್ನು ಕಂಡು, ಸ್ಥಳೀಯವಾಗಿ ಒಂದೆರಡು ಮಾತಿನ ಪಾತ್ರಗಳಿದ್ದರೆ ತಿಳಿಸುವಂತೆ ಕೇಳಿ ಸಂಖ್ಯೆ ಕೊಟ್ಟು ಬನ್ನಿ.

ಬೆಂಗಳೂರಿನ ಆಡಿಷನ್‌ಗಳಿಗೆ ತಿಂಗಳಿಗೆ ಹಲವು ಸಲ ಕರೆ ಬರತೊಡಗಿ, ಮಡಿಕೇರಿಯ ಕಡೆಯಿಂದ ಸುಮಾರು 260 ಕಿಲೋಮೀಟರ್ ಓಡಾಡುವುದೇ ಕೆಲಸವಾದಾಗ ಮನೆ ಬದಲಿಸುವ ಮಾತನ್ನು ಯೋಚಿಸಿ.

ಪ್ರಶ್ನೆ: ನನ್ನ ಮನೆಮಾತು ಅರೆಭಾಷೆ. ಆಡಿಷನ್ ಒಂದರಲ್ಲಿ ನನ್ನ ಕನ್ನಡ ಕೇಳಿ ಕೆಲವರು ನಕ್ಕರು. ನನ್ನ ಕೊಡವ ಗೆಳತಿಗೂ ಹೀಗೇ ಆಗಿದೆ. ಉಚ್ಚಾರಣೆ ಬದಲಿಸಿಕೊಳ್ಳಲೇಬೇಕೇ?
ಭಾಗಮಂಡಲದ ಓದುಗಳು

ಉತ್ತರ: ನಕ್ಕವರ ಸೌಜನ್ಯದ ಬಗ್ಗೆ ಹೇಳುವುದೇನೂ ಇಲ್ಲ. ಆದರೆ ನಟಿಯಾದವಳಿಗೆ ಒಂದಕ್ಕಿಂತ ಹೆಚ್ಚು ಬಗೆಯ ಕನ್ನಡ ಬರಬೇಕೆಂಬುದು ನಿಜ. ಬಹುತೇಕ ಧಾರಾವಾಹಿಗಳು ಬೆಂಗಳೂರು, ಮೈಸೂರು ಕಡೆಯ ಆಡುಮಾತಿನಲ್ಲಿ ನಡೆಯುತ್ತವೆ. ಆ ಧಾಟಿ ನಿಮ್ಮ ನಾಲಗೆಗೆ ಬರಲಿ, ಮನೆಮಾತಿನ ಧಾಟಿ ಅಳಿಸಿಹೋಗುವುದು ಬೇಡ.

ಅಭ್ಯಾಸಕ್ಕೆ ದಿನವೂ ಅರ್ಧ ಗಂಟೆ ವೃತ್ತಪತ್ರಿಕೆಯ ಒಂದು ಅಂಕಣವನ್ನೋ ಕೆಲವು ವಚನಗಳನ್ನೋ ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ ಕೇಳಿ. ಮಹಾಪ್ರಾಣಗಳು ಅಲ್ಪಪ್ರಾಣವಾಗುತ್ತಿವೆಯೇ, ಶಕಾರ ಸಕಾರಗಳು ಬೆರೆಯುತ್ತಿವೆಯೇ, ವಾಕ್ಯದ ಕೊನೆಯನ್ನು ಎಳೆಯುತ್ತಿದ್ದೀರೇ ಎಂಬುದನ್ನು ಗಮನಿಸಿದರೆ ತಿದ್ದಬೇಕಾದದ್ದು ಬಹಳವಿಲ್ಲವೆಂದು ನಿಮಗೇ ತಿಳಿಯುತ್ತದೆ. ಇದಕ್ಕೆ ಒಳ್ಳೆಯ ಶಾಲೆ ರೇಡಿಯೊ. ಮಡಿಕೇರಿ ಆಕಾಶವಾಣಿ ಹತ್ತಿರದಲ್ಲೇ ಇದೆ. ಆಕಾಶವಾಣಿಯು ನಾಟಕ ಕಲಾವಿದರನ್ನು ಧ್ವನಿ ಪರೀಕ್ಷೆ ನಡೆಸಿಯೇ ಆರಿಸಿಕೊಳ್ಳುತ್ತದೆ. ಮುಖ ಕಾಣದ ಕಡೆ ಮಾತಿನಿಂದಲೇ ಪಾತ್ರ ನಿಲ್ಲಿಸಲು ಕಲಿತವರು ಮುಂದೆ ಡಬ್ಬಿಂಗ್‌ನಲ್ಲಿ ತಡವರಿಸುವುದಿಲ್ಲ, ಡಬ್ಬಿಂಗ್ ತಾನೇ ಒಂದು ಸಂಪಾದನೆಯೂ ಹೌದು.

ಪರಿಚಯದ ವಿಡಿಯೊದಲ್ಲಿ ಅರೆಭಾಷೆ ಬರುತ್ತದೆಂದು ಧೈರ್ಯವಾಗಿ ಹೇಳಿ. ನಿಮ್ಮ ಗೆಳತಿ ಕೊಡವ ತಕ್ಕ್ ಬರುತ್ತದೆಂದು ಹೇಳಲಿ. ಹಾಸ್ಯಕ್ಕಲ್ಲದೆ ಕಥೆಗಾಗಿಯೇ ಪ್ರಾದೇಶಿಕ ಮಾತನ್ನು ಬಳಸುವ ಚಿತ್ರಗಳು ಕನ್ನಡದಲ್ಲಿ ಈಚೆಗೆ ಹೆಚ್ಚುತ್ತಿವೆ. ಕೊಡಗಿನಲ್ಲಿ ರಂಗಭೂಮಿ ಹೊಸತೇನಲ್ಲ. ಹರದಾಸ ಅಪ್ಪಚ್ಚ ಕವಿಗಳು ಕಳೆದ ಶತಮಾನದ ಆರಂಭದಲ್ಲೇ ಕೊಡವ ಭಾಷೆಯಲ್ಲಿ ನಾಟಕ ಬರೆದು ಆಡಿಸಿದವರು. ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿ ಮತ್ತು ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಗಳ ಕಾರ್ಯಕ್ರಮಗಳ ಮೇಲೂ, ದಸರಾ ಸಾಂಸ್ಕೃತಿಕ ವೇದಿಕೆಯ ಮೇಲೂ ಕಣ್ಣಿಟ್ಟಿರಿ. ಅಲ್ಲಿ ಅಭಿನಯಿಸಿದಾಗ ಯಾರಾದರೂ ಸ್ಥಿರವಾಗಿ ವಿಡಿಯೊ ತೆಗೆಯುವಂತೆ ನೋಡಿಕೊಳ್ಳಿ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ನನಗೆ 15 ಸಾವಿರ ಅನುಯಾಯಿಗಳಿದ್ದಾರೆ. ನಮ್ಮ ಊರಿನ ರಶ್ಮಿಕಾ ಮಂದಣ್ಣ ಅವರಂತೆ ಅವಕಾಶ ತಾನಾಗಿ ಹುಡುಕಿಕೊಂಡು ಬರಬಹುದೇ?
ಮಡಿಕೇರಿಯ ಓದುಗಳು

ಉತ್ತರ: ವಿರಾಜಪೇಟೆಯಲ್ಲಿ ಹುಟ್ಟಿದ ರಶ್ಮಿಕಾ ಅವರು 2014ರಲ್ಲಿ ರೂಪದರ್ಶಿಗಳ ಸ್ಪರ್ಧೆಯೊಂದರಲ್ಲಿ ಗೆದ್ದು, ಆ ಮೂಲಕ ಚಿತ್ರತಂಡದ ಕಣ್ಣಿಗೆ ಬಿದ್ದು, 2016ರಲ್ಲಿ ಮೊದಲ ಸಲ ತೆರೆಗೆ ಬಂದರು. ಕೊಡಗಿನಿಂದ ಬರುವ ಪತ್ರಗಳಲ್ಲಿ ಈ ಹೆಸರಿಲ್ಲದವು ಅಪರೂಪ. ಅಂಥ ದಾರಿ ಇದೆ, ಆದರೆ ಅದನ್ನು ನಂಬಿ ಯೋಜನೆ ಹಾಕಿಕೊಳ್ಳಲಾಗದು. ಅನುಯಾಯಿಗಳ ಸಂಖ್ಯೆ ಜಾಹೀರಾತಿನವರಿಗೆ ಬೇಕು. ನಿರ್ದೇಶಕರು ನಿಮ್ಮ ಪುಟ ತೆರೆದರೆ ಅಲ್ಲಿ ಅಭಿನಯ ಕಾಣಬೇಕು. ಹಾಡಿಗೆ ತುಟಿಯಾಡಿಸಿದ ರೀಲ್ಸ್‌ಗಳ ನಡುವೆ ನಿಮ್ಮದೇ ಧ್ವನಿಯಲ್ಲಿ ಮಾತಾಡಿದ ಅಭಿನಯ ತುಣುಕುಗಳನ್ನು ಹಾಕಿ, ಅವನ್ನು ಪುಟದ ಮೇಲ್ಭಾಗದಲ್ಲಿ ನಿಲ್ಲಿಸಿ. ಮುಖದ ಮೇಲೆ ಫಿಲ್ಟರ್ ಬೇಡ.

ಪ್ರಶ್ನೆ: ಹೊಸ ಚಿತ್ರವೊಂದಕ್ಕೆ ಆಯ್ಕೆಯಾಗಿದ್ದೀರಿ, ಕಲಾವಿದರ ಕಾರ್ಡ್‌ಗೆ 25 ಸಾವಿರ ಕಟ್ಟಿ ಎಂದು ನನ್ನ ತಂಗಿಗೆ ವಾಟ್ಸ್‌ಆ್ಯಪ್ ಸಂದೇಶ ಬಂದಿದೆ. ಹಣ ಕಟ್ಟಿದ ಮೇಲೆ ಹೋಂಸ್ಟೇ ಒಂದರಲ್ಲಿ ಸಂಜೆ ಲುಕ್ ಟೆಸ್ಟ್ ಎಂದಿದ್ದಾರೆ. ನಂಬಬಹುದೇ?
ವಿರಾಜಪೇಟೆಯ ಓದುಗ

ಉತ್ತರ: ನಂಬಬೇಡಿ, ಹಣ ಕಟ್ಟಬೇಡಿ, ತಂಗಿಯನ್ನು ಅಲ್ಲಿಗೆ ಕಳುಹಿಸಬೇಡಿ. ನಟಿಸಿದ್ದಕ್ಕೆ ನಿರ್ಮಾಪಕರು ಹಣ ಕೊಡುತ್ತಾರೆ. ನಟಿಸುವವರಿಂದ ಪಾತ್ರಕ್ಕಾಗಿ ಹಣ ಕೇಳುವವರು ಯಾವ ಹೆಸರಿನಲ್ಲಿ ಕೇಳಿದರೂ, ಅದು ಕಾರ್ಡ್ ಆಗಲಿ, ನೋಂದಣಿ ಶುಲ್ಕವಾಗಲಿ, ವಸ್ತ್ರದ ಮುಂಗಡವಾಗಲಿ, ಅಲ್ಲಿಗೇ ಮಾತು ಮುಗಿಸಬೇಕು. ಆಡಿಷನ್ ಮಾಡದೆ ‘ಆಯ್ಕೆ’ ಮಾಡಿದ್ದಾರೆಂಬುದೇ ಮೊದಲ ಅನುಮಾನಕ್ಕೆ ಸಾಕಿತ್ತು. ಚಿತ್ರದ ಹೆಸರನ್ನೂ ನಿರ್ಮಾಣ ಸಂಸ್ಥೆಯ ಹೆಸರನ್ನೂ ಕೇಳಿಕೊಂಡು, ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಅಂಥ ಶೀರ್ಷಿಕೆ ನೋಂದಣಿಯಾಗಿದೆಯೇ ಎಂದು ವಿಚಾರಿಸಬಹುದು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ದಾಖಲಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಿಜವಾದ ಆಡಿಷನ್‌ಗೂ ಮೊದಲ ಸಲ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ಜೊತೆಗೆ ಯಾರೂ ಬರಬಾರದು ಎನ್ನುವ ಕಡೆಗೆ ಹೋಗುವ ಅಗತ್ಯವಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ಚಿತ್ರೀಕರಣದ ಸ್ಥಳಕ್ಕೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ಇಲ್ಲದ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಧಾರಾವಾಹಿಯೊಂದರಲ್ಲಿ ಪಾತ್ರ ಸಿಕ್ಕಿದೆ. ಶಾಲೆ ತಪ್ಪುತ್ತದೆಂಬ ಚಿಂತೆ. ನಾವು ಏನು ಕೇಳಿಕೊಳ್ಳಬೇಕು?
ಕುಶಾಲನಗರದ ತಾಯಿ

ಉತ್ತರ: ಕೇಳಿಕೊಳ್ಳುವುದಲ್ಲ, ಕಾನೂನಿನಂತೆ ಪಡೆಯುವುದು ಎನ್ನಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಮಕ್ಕಳು ಕಲಾವಿದರಾಗಿ ಕೆಲಸ ಮಾಡಬಹುದು, ಆದರೆ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರಿ ದುಡಿಸುವಂತಿಲ್ಲ, ಸತತ 27 ದಿನಗಳಿಗಿಂತ ಹೆಚ್ಚು ಕೆಲಸಕ್ಕೆ ಕರೆಯುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಗಳ ಅನುಮತಿಯನ್ನು ನಿರ್ಮಾಪಕರೇ ಪಡೆಯಬೇಕು. ಆ ಅನುಮತಿಯ ಪ್ರತಿಯನ್ನು ನೀವು ಕೇಳಿ ಇಟ್ಟುಕೊಳ್ಳಿ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇಕಡ 20ರಷ್ಟನ್ನು ಆಕೆಯ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ನಟಿಸುವಂತೆ ಮಾಡಬಾರದೆಂದೂ ನಿಯಮ ಹೇಳುತ್ತದೆ. ಆ ಮಾತು ನಿರ್ಮಾಪಕರಿಗಿರುವಷ್ಟೇ ನಮಗೂ, ಅಂದರೆ ಅಪ್ಪ ಅಮ್ಮಂದಿರಿಗೂ ಅನ್ವಯಿಸುತ್ತದೆ.

ಓದು ನಿಲ್ಲದಂತೆ ವ್ಯವಸ್ಥೆ ಮಾಡುವುದೂ ನಿರ್ಮಾಪಕರ ಹೊಣೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ತಿಂಗಳಿಗೆ ಎಷ್ಟು ದಿನ, ಯಾವ ದಿನಗಳು, ಕುಶಾಲನಗರದಿಂದ ಹೋಗಿಬರುವ ವೆಚ್ಚ ಯಾರದು ಎಂಬುದನ್ನು ಬರಹದಲ್ಲಿ ಪಡೆದು, ಅದರ ಪ್ರತಿಯೊಂದಿಗೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಬನ್ನಿ. ಪರೀಕ್ಷೆಯ ವಾರಗಳನ್ನು ಚಿತ್ರೀಕರಣದಿಂದ ಹೊರಗಿಡುವ ಷರತ್ತನ್ನೂ ಅದರಲ್ಲಿ ಸೇರಿಸಿ. ಒಪ್ಪದ ತಂಡವಾದರೆ ಇನ್ನೊಂದು ಪಾತ್ರಕ್ಕೆ ಕಾಯುವುದೇ ಮೇಲು.