ಕತ್ತಲೆ ಅಡುಗೆಮನೆಗೆ ಮೊದಲು ಬೆಳಕು, ಆಮೇಲೆ ಬಣ್ಣ

ಪ್ರಶ್ನೆ: ನಮ್ಮದು ಡೊಂಬಿವಲಿ ಪೂರ್ವದಲ್ಲಿ 1993ರ ಕಟ್ಟಡ. ಅಡುಗೆಮನೆ 8 ಅಡಿಗೆ 7 ಅಡಿ. ಬಿಳಿ ಟೈಲ್ಸ್ ಹಳದಿ ತಿರುಗಿವೆ, ಮಧ್ಯೆ ಹಣ್ಣಿನ ಬುಟ್ಟಿಯ ಚಿತ್ರ ಬೇರೆ. ಕಪಾಟಿನ ಬಾಗಿಲಿಗೆ ಕಂದು ಸನ್‌ಮೈಕಾ, ಓಟಾಗೆ (ಅಡುಗೆ ಕಟ್ಟೆಗೆ) ಕಪ್ಪು ಕಡಪಾ ಕಲ್ಲು. ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಮಾಡ್ಯುಲರ್ ಕಿಚನ್‌ನವರು ಎರಡು ಲಕ್ಷ ಹೇಳಿದರು. ಸೊಸೈಟಿಯಲ್ಲಿ ರೀಡೆವಲಪ್‌ಮೆಂಟ್ (ಕಟ್ಟಡ ಕೆಡವಿ ಹೊಸದು ಕಟ್ಟುವ) ಮಾತು ನಡೆದಿದೆ, ಅಷ್ಟು ಸುರಿಯಲು ಮನಸ್ಸಿಲ್ಲ. ನಾನು, ನನ್ನ ಮಗ ಸೇರಿ 12 ಸಾವಿರದೊಳಗೆ ಏನು ಮಾಡಬಹುದು?

ಉತ್ತರ: ರೀಡೆವಲಪ್‌ಮೆಂಟ್ ಮಾತು ಶುರುವಾಗಿ ಕಟ್ಟಡ ನಿಜವಾಗಿ ಕೆಳಗಿಳಿಯುವ ಹೊತ್ತಿಗೆ ಎಷ್ಟು ಮೀಟಿಂಗ್ ಆಗುತ್ತವೋ ಆ ದೇವರೇ ಬಲ್ಲ. ಅಲ್ಲಿವರೆಗೆ ಕತ್ತಲಲ್ಲಿ ಒಗ್ಗರಣೆ ಹಾಕುವುದು ಬೇಡ. ಎರಡು ಲಕ್ಷವೂ ಬೇಡ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಟ್ಯೂಬ್‌ಲೈಟ್ ಹಾಕಿ, ಓಟಾ ಮುಂದೆ ನಿಂತು ಈರುಳ್ಳಿ ಹೆಚ್ಚಿ. ಈರುಳ್ಳಿ ಮೇಲೆ ನೆರಳು ಬೀಳುತ್ತಾ ನೋಡಿ. ಬಿದ್ದರೆ ಅದು ನಿಮ್ಮದೇ ನೆರಳು. ಆ ಕಾಲದ ಎಷ್ಟೋ ಮನೆಗಳಲ್ಲಿ ಟ್ಯೂಬ್ ಇರುವುದು ಬಾಗಿಲ ಮೇಲೆ, ಅಂದರೆ ನಿಮ್ಮ ಬೆನ್ನ ಹಿಂದೆ. ಬೆಳಕಿಗೆ ನೀವೇ ಅಡ್ಡ ನಿಂತಿರುತ್ತೀರಿ. ಟೈಲ್ಸ್‌ಗೆ ಎಷ್ಟೇ ಬಿಳಿ ಬಳಿದರೂ ಈ ನೆರಳು ಹೋಗಲ್ಲ. ಹಾಗಾಗಿ ಮೊದಲ ಖರ್ಚು ಲೈಟಿಗೆ.

ಮೇಲಿನ ಕಪಾಟಿನ ಅಡಿಗೆ, ಮುಂದಿನ ಅಂಚಿನ ಹತ್ತಿರ, ಉದ್ದಕ್ಕೂ ಎಲ್‌ಇಡಿ ಹಾಕಿ. ಕಪಾಟು ಇಲ್ಲದ ಕಡೆ ಓಟಾ ಮೇಲಿನ ಗೋಡೆಗೆ 20 ವ್ಯಾಟ್‌ನ ಬ್ಯಾಟನ್ (ಟ್ಯೂಬ್‌ನಂಥ ಎಲ್‌ಇಡಿ ಲೈಟ್) ಒಂದು ಸಾಕು, ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್, ಡಬ್ಬಿಯ ಮೇಲೆ 4000 ಕೆಲ್ವಿನ್ ಅಂತ ಇರುವುದನ್ನೇ ತನ್ನಿ. 6500ರ ನೀಲಿ ಬಿಳುಪಿನಲ್ಲಿ ಸಾರೂ ಸಪ್ಪೆ ಕಾಣುತ್ತದೆ. ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ, 80ಕ್ಕಿಂತ ಜಾಸ್ತಿ ಇದ್ದರೆ ಕೊತ್ತಂಬರಿ ಬಾಡಿದೆಯಾ ಇಲ್ಲವಾ ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ. ಭಾನುವಾರ ಬಿಟ್ಟು ಬೇರೆ ದಿನ ಲೋಹಾರ್ ಚಾಲ್‌ಗೆ ಹೋಗಿ ಬನ್ನಿ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಆ ಗಲ್ಲಿಗಳಲ್ಲಿ ಲೈಟಿನ ಸಾಮಾನು ತರಾವರಿ ಸಿಗುತ್ತದೆ. ಪ್ಲಗ್ ಚುಚ್ಚುವ ತರಹದ್ದಾದರೆ ಮಗನೇ ಹಾಕಬಹುದು. ಹೊಸ ಪಾಯಿಂಟ್ ಎಳೆಯಬೇಕಾದರೆ ಎಲೆಕ್ಟ್ರಿಷಿಯನ್ನೇ ಬರಲಿ.

ಕಿಟಕಿಯನ್ನೂ ನೋಡಿ. ನಮ್ಮ ಮುಂಬೈ ಮನೆಗಳಲ್ಲಿ ಕಿಟಕಿ ಅಂದರೆ ಇನ್ನೊಂದು ಶೆಲ್ಫ್, ಅಲ್ವಾ? ಉಪ್ಪಿನಕಾಯಿ ಭರಣಿ, ಖಾಲಿ ಡಬ್ಬಿ, ಮಡಚಿಟ್ಟ ಪ್ಲಾಸ್ಟಿಕ್ ಚೀಲ. ಅವನ್ನೆಲ್ಲ ಮಾಳಾ (ಅಟ್ಟ) ಮೇಲೆ ಹಾಕಿ ಗಾಜು ಒರೆಸಿ. ಇದಕ್ಕೆ ಖರ್ಚು ಸೊನ್ನೆ.

ಇನ್ನು ಟೈಲ್ಸ್. ಅದು ಹಳದಿಯೋ, ಬರೀ ಎಣ್ಣೆಯ ಜಿಡ್ಡೋ ಮೊದಲು ತಿಳಿಯಬೇಕು. ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಕೈಗವಸು ತೊಟ್ಟು, ನಾಲ್ಕೇ ನಾಲ್ಕು ಟೈಲ್ ಉಜ್ಜಿ. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೆ ಮಾತ್ರ ಆ ನೀರು ತಾಗಿಸಬೇಡಿ, ಕಪ್ಪಾಗುತ್ತದೆ. ನಾಲ್ಕೂ ಬೆಳ್ಳಗಾದರೆ ಬಣ್ಣದ ಮಾತೇ ಬೇಡ. ಸಂದುಗಳನ್ನು ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ ಹೊಸ ಬಿಳಿ ಗ್ರೌಟ್ ತುಂಬಿದರೆ ಗೋಡೆ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತದೆ. ಮೇಲಿನ ಹೊಳಪಿನಲ್ಲೇ ಕೂದಲೆಳೆಯಂಥ ಬಿರುಕು ಬಿಟ್ಟು ಅದರೊಳಗೆ ಕಲೆ ಇಳಿದಿದ್ದರೆ ಮಾತ್ರ ಅದು ತೊಳೆದರೆ ಹೋಗಲ್ಲ. ಆಗ 220 ನಂಬರ್ ಪಾಲಿಶ್ ಪೇಪರ್‌ನಿಂದ ಉಜ್ಜಿ, ಪ್ರೈಮರ್ ಹಚ್ಚಿ, ಎರಡು ಡಬ್ಬಿ ಕಲಸಿ ಹಚ್ಚುವ ಎಪಾಕ್ಸಿ ಬಣ್ಣ ಬಳಿಯಿರಿ. ಕಲಸಿದ ಬಣ್ಣ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಕೆಲಸದ ಹೊತ್ತಿನಲ್ಲಿ ಗ್ಯಾಸ್ ಬಂದ್, ಕಿಟಕಿ ತೆರೆದಿರಲಿ. ಒಲೆಯ ಹಿಂದಿನ ಜಾಗಕ್ಕೆ ಬಣ್ಣವೂ ಬೇಡ, ಸ್ಟಿಕ್ಕರ್ ಅಂತೂ ಬೇಡವೇ ಬೇಡ. ಅಲ್ಲಿಗೆ ಸ್ಟೀಲ್ ಶೀಟ್ ಒಂದು ಕತ್ತರಿಸಿ ತನ್ನಿ.

ಹಣ್ಣಿನ ಬುಟ್ಟಿಯ ಟೈಲ್ ಒಂದನ್ನಾದರೂ ಉಳಿಸಿಕೊಳ್ಳಿ. ನನಗೆ ಅದು ಇಷ್ಟ, ಅಷ್ಟೇ ಕಾರಣ.

ಕ್ಲೀನ್ ಮಾಡಲು ಬಂದವರು ಆಸಿಡ್ ಬಾಟಲಿ ತೆಗೆದರೆ ತಡೆಯಿರಿ. ಕಡಪಾ ಅಂದರೆ ಸುಣ್ಣದ ಕಲ್ಲಿನ ಜಾತಿ, ಆಸಿಡ್ ಅದನ್ನು ತಿನ್ನುತ್ತದೆ. ಓಟಾ ಮೇಲೆ ನಿಂಬೆಹಣ್ಣು ಹಿಂಡಿದ ಕಡೆ, ಹುಣಸೆ ನೀರು ಚೆಲ್ಲಿದ ಕಡೆ ಬಿಳಿ ಮಚ್ಚೆ ಬಿದ್ದಿರುತ್ತದಲ್ಲ, ಅದೂ ಇದೇ ಕಾರಣಕ್ಕೆ. ಕಲ್ಲಿಗೆ ಬಣ್ಣ ಹಚ್ಚುವ ಯೋಚನೆ ಬಿಡಿ, ಬಿಸಿ ಕುಕ್ಕರ್ ಇಟ್ಟರೆ ಎದ್ದು ಬರುತ್ತದೆ. ಮೇಲಿಂದ ನೇರ ಬೆಳಕು ಬಿದ್ದಾಗ ಕಪ್ಪು ಕಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಕಪಾಟಿನ ಬಾಗಿಲಿಗೆ ಮಾತ್ರ ಧಾರಾಳವಾಗಿ ಬಣ್ಣ ಬಳಿಯಿರಿ, ಆದರೆ ಮಳೆಗಾಲ ಮುಗಿಯಲಿ. ನಾನು ಒಮ್ಮೆ ಜುಲೈಯಲ್ಲಿ ರಜೆ ಸಿಕ್ಕಿತೆಂದು ನಮ್ಮ ಮನೆಯದಕ್ಕೆ ಹಚ್ಚಿದೆ. ಮೂರು ದಿನ ಒಣಗಲು ಬಿಟ್ಟು ಬಾಗಿಲು ಮುಚ್ಚಿದೆ. ಬೆಳಿಗ್ಗೆ ಕಾಫಿಪುಡಿ ಡಬ್ಬಿಗೆಂದು ಎಳೆದರೆ ಬಾಗಿಲು ಕಿರ್ರ್ ಅಂದು ಬಂತು, ಅಂಚಿನ ಬಣ್ಣ ಚೌಕಟ್ಟಿಗೇ ಅಂಟಿ ಅಲ್ಲೇ ಉಳಿಯಿತು. ಹಸಿ ಗಾಳಿಯಲ್ಲಿ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಮುಂದೆ ಎರಡು ತಿಂಗಳು ಕಾಫಿಪುಡಿ ಫ್ರಿಜ್ ಮೇಲೆ. ನೀವು ಅಕ್ಟೋಬರ್ ನಂತರ ಶುರುಮಾಡಿ. ಬಾಗಿಲು ಬಿಚ್ಚಿ ಮಲಗಿಸಿ, ಜಿಡ್ಡು ತೆಗೆದು, ಸನ್‌ಮೈಕಾದ ಹೊಳಪು ಹೋಗುವಷ್ಟು ಉಜ್ಜಿ. ಪ್ರೈಮರ್ ಆದ ಮೇಲೆ ನೀರಿನ ಎನಾಮೆಲ್ ಅನ್ನು ಚಿಕ್ಕ ಫೋಮ್ ರೋಲರ್‌ನಿಂದ ಎರಡು ಸಲ ತೆಳ್ಳಗೆ ಹಚ್ಚಿ. ಎಣ್ಣೆಯ ಎನಾಮೆಲ್ ಬಿಳಿ ಕೆಲವು ವರ್ಷದಲ್ಲಿ ಹಳದಿಯಾಗುತ್ತದೆ, ಮತ್ತೆ ಅದೇ ಕತೆ. ಅಚ್ಚ ಬಿಳಿಗಿಂತ ಮಜ್ಜಿಗೆಯ ಬಣ್ಣ ವಾಸಿ, ಅರಿಶಿನದ ಬೆರಳು ಅಷ್ಟು ಎದ್ದು ಕಾಣಲ್ಲ.

ಹಿಡಿ ಬದಲಿಸುವುದಾದರೆ ಹಳೆಯದರ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದುಕೊಂಡು ಹೋಗಿ. ಸಾಮಾನ್ಯವಾಗಿ 96 ಅಥವಾ 128 ಮಿಲಿಮೀಟರ್ ಇರುತ್ತದೆ. ಅದೇ ಅಳತೆ ಸಿಕ್ಕರೆ ಹೊಸ ತೂತು ಕೊರೆಯಬೇಕಿಲ್ಲ. ಸ್ಟೀಲಿನದೇ ಇರಲಿ, ಬರೀ ಮೇಲೆ ಹೊಳೆಯುವ ಲೋಹದ ಲೇಪ ಕೊಟ್ಟಿದ್ದು ಈ ಹವೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಅಂಧೇರಿಯಲ್ಲಿ ಬಾಡಿಗೆ ಮನೆ, 11 ತಿಂಗಳ ಅಗ್ರಿಮೆಂಟ್. ಮೊಳೆ ಹೊಡೆಯಬಾರದು ಅಂದಿದ್ದಾರೆ. ನಮಗೇನಾದರೂ ದಾರಿ ಇದೆಯಾ?

ಉತ್ತರ: ಇದೆ. ಚಾರ್ಜ್ ಮಾಡಿ ಅಂಟಿಸುವ ಎಲ್‌ಇಡಿ ಪಟ್ಟಿ ಎರಡು, ಒಲೆಯ ಹಿಂದೆ ಸುಮ್ನೆ ಒರಗಿಸಿಡುವ ಸ್ಟೀಲ್ ಶೀಟ್ ಒಂದು. ಕಪಾಟಿಗೆ ವಿನೈಲ್ ಸ್ಟಿಕ್ಕರ್ ಅಂಟಿಸಬಹುದು, ಒಲೆಯಿಂದ ದೂರದವಕ್ಕೆ ಮಾತ್ರ. ಮನೆ ಬಿಡುವಾಗ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಮೂಲೆಯಿಂದ ನಿಧಾನ ಎಳೆಯಿರಿ, ಅಂಟು ಉಳಿದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಅಂಟಿಸುವ ಮೊದಲು ಕಪಾಟಿನ ಫೋಟೋ ತೆಗೆದು ಮನೆ ಮಾಲೀಕರಿಗೆ ವಾಟ್ಸಾಪ್ ಮಾಡಿಡಿ.